ಪಾದದ ತೊಂದರೆಗಳು: ಮನೆಯಲ್ಲಿ ಮಾಡಬೇಕಾದದ್ದು, ವೈದ್ಯರಿಗೆ ಬಿಡಬೇಕಾದದ್ದು

ಹಿಮ್ಮಡಿ ಒಡೆದರೆ ಮುಲಾಮು, ಆಣಿಯಾದರೆ ಬ್ಲೇಡು, ಬೆರಳ ಸಂದಿಯಲ್ಲಿ ತುರಿಕೆ ಶುರುವಾದರೆ ಔಷಧ ಅಂಗಡಿಯವರು ಕೊಟ್ಟ ಟ್ಯೂಬು. ನಮ್ಮಲ್ಲಿ ಪಾದದ ಚಿಕಿತ್ಸೆ ಬಹುಪಾಲು ಹೀಗೇ ನಡೆಯುತ್ತದೆ. ಮುಖದ ಮೇಲೆ ಮೊಡವೆ ಎದ್ದರೆ ಹತ್ತು ಜನರನ್ನು ವಿಚಾರಿಸುವವರು ಕಾಲಿನ ಗಾಯವನ್ನು ವಾರಗಟ್ಟಲೆ ಯಾರಿಗೂ ತೋರಿಸುವುದಿಲ್ಲ. ಅದರಲ್ಲೂ ಮನೆಯ ಹಿರಿಯ ಹೆಂಗಸರು, ಗದ್ದೆ ತೋಟಗಳಲ್ಲಿ ದುಡಿಯುವವರು. ‘ಕಾಲಿಗೇನು, ತಾನೇ ವಾಸಿಯಾಗುತ್ತದೆ’ ಎಂಬ ಮಾತು ಅವರ ಬಾಯಲ್ಲಿ ಸಿದ್ಧವಾಗಿರುತ್ತದೆ.

ಬಹಳಷ್ಟು ಸಲ ತಾನೇ ವಾಸಿಯಾಗುವುದೂ ನಿಜ. ಆದರೆ ಒಬ್ಬರ ಪಾದಕ್ಕೆ ನಿರಪಾಯವಾದ ಮದ್ದು ಇನ್ನೊಬ್ಬರ ಪಾದಕ್ಕೆ ಗಂಡಾಂತರ ತರಬಹುದು. ಅದೇ ಬಿಸಿನೀರು, ಅದೇ ಆಣಿ ಪಟ್ಟಿ, ಅದೇ ಉಜ್ಜುವ ಕಲ್ಲು ಆರೋಗ್ಯವಂತರಿಗೆ ಹಿತ ಕೊಟ್ಟರೆ, ಸ್ಪರ್ಶಜ್ಞಾನ ಕಳೆದುಕೊಂಡ ಮಧುಮೇಹಿಯ ಬೆರಳನ್ನೇ ಕಳೆಯಬಲ್ಲವು. ಆದ್ದರಿಂದ ಯಾವ ತೊಂದರೆಗೆ ಯಾವ ಮದ್ದು ಎಂದು ಹುಡುಕುವ ಮೊದಲು ನಿಮ್ಮದು ಎಂಥ ಪಾದ ಎಂದು ತಿಳಿದುಕೊಳ್ಳಬೇಕು. ಹತ್ತು ನಿಮಿಷದ ಕೆಲಸ. ಯಾವ ಉಪಕರಣವೂ ಬೇಡ.

ಎಲ್ಲಕ್ಕಿಂತ ಮೊದಲು ಎರಡು ಪರೀಕ್ಷೆ

ಮೊದಲನೆಯದು ಸ್ಪರ್ಶದ ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ್ದು, ಮನೆಯವರೇ ಮಾಡಬಹುದು.

1. ಪರೀಕ್ಷೆಗೆ ಒಳಗಾಗುವವರು ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಲಿ. ಕಾಲುಚೀಲ, ಕಾಲುಂಗುರ ಇದ್ದರೆ ತೆಗೆಯಿರಿ.
2. ಬಲಗಾಲು ಯಾವುದು, ಎಡಗಾಲು ಯಾವುದು ಎಂದು ಒಮ್ಮೆ ಮುಟ್ಟಿ ಹೇಳಿ. ಸ್ಪರ್ಶ ತಿಳಿದ ಕೂಡಲೇ ‘ಬಲ’ ಅಥವಾ ‘ಎಡ’ ಎನ್ನಲು ಹೇಳಿ.
3. ನಿಮ್ಮ ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು, ಈ ಕ್ರಮದಲ್ಲಿ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ, ತಟ್ಟಬೇಡಿ. ತಿಳಿಯಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಬೇಡಿ.
4. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಸ್ಪರ್ಶ ತಿಳಿಯದಿದ್ದರೆ ನರಗಳ ಶಕ್ತಿ ಕುಂದಿರುವ ಸಾಧ್ಯತೆ ಬಲವಾಗಿದೆ. ವೈದ್ಯರು 10 ಗ್ರಾಂ ಒತ್ತಡ ಕೊಡುವ ತೆಳು ನೈಲಾನ್ ಎಳೆಯಿಂದ ಇದನ್ನು ಖಚಿತಪಡಿಸಿಕೊಳ್ಳುತ್ತಾರೆ.

ಎರಡನೆಯದು ರಕ್ತ ಸಂಚಾರದ್ದು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಗೆರೆಯಲ್ಲೇ ಮೇಲಕ್ಕೆ ಬಂದು, ಪಾದದ ಮೇಲ್ಭಾಗದ ನಡುವೆ ಮೂರು ಬೆರಳುಗಳನ್ನು ಹಗುರವಾಗಿ ಇಟ್ಟರೆ ನಾಡಿಮಿಡಿತ ಸಿಗುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಇದು ಸಿಗುವುದಿಲ್ಲ. ಹಾಗಾಗಿ ಉಳಿದ ಲಕ್ಷಣಗಳನ್ನೂ ನೋಡಿ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ? ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ? ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನೋವು ಕಡಿಮೆಯಾಗುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ರಕ್ತನಾಳ ಕಿರಿದಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಚಿಕ್ಕ ವಯಸ್ಸಿನಲ್ಲೇ ಇದು ಕಾಣಿಸಿಕೊಳ್ಳುವುದುಂಟು.

ಎರಡರಲ್ಲೂ ತೊಂದರೆ ಇಲ್ಲದವರು ಮುಂದಿನ ಮನೆಮದ್ದುಗಳನ್ನು ಧೈರ್ಯವಾಗಿ ಮಾಡಬಹುದು. ಯಾವುದರಲ್ಲಾದರೂ ತೊಂದರೆ ಕಂಡವರು, ಬಹಳ ವರ್ಷಗಳಿಂದ ಮಧುಮೇಹ ಇರುವವರು ಕೊನೆಯ ಭಾಗದಲ್ಲಿರುವ ಮಧುಮೇಹಿಗಳ ಪಾದದ ವಿಷಯವನ್ನು ಮೊದಲು ಓದಿ, ನಂತರ ಇಲ್ಲಿಗೆ ಬನ್ನಿ.

ಹಿಮ್ಮಡಿ ಒಡೆತ

ಹಿಮ್ಮಡಿಯ ಚರ್ಮದಲ್ಲಿ ಎಣ್ಣೆ ಗ್ರಂಥಿಗಳಿಲ್ಲ. ಅಲ್ಲಿಗೆ ತೇವ ಬರುವುದು ಬೆವರಿನಿಂದ ಮಾತ್ರ. ಚಳಿಗಾಲದ ಒಣಗಾಳಿ, ಬರಿಗಾಲಲ್ಲಿ ಕಲ್ಲುನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು, ಹಿಂದೆ ಆಧಾರವಿಲ್ಲದ ಚಪ್ಪಲಿ, ಹೆಚ್ಚಿದ ದೇಹತೂಕ ಇವೆಲ್ಲ ಸೇರಿದರೆ ಒಣಗಿದ ಚರ್ಮ ದಪ್ಪಗಾಗುತ್ತದೆ. ಭಾರ ಬಿದ್ದಾಗ ಹಿಮ್ಮಡಿಯ ಕೊಬ್ಬು ಪಕ್ಕಕ್ಕೆ ಹರಡುತ್ತದೆ; ದಪ್ಪ ಚರ್ಮ ಹಿಗ್ಗಲಾರದೆ ಬಿರಿಯುತ್ತದೆ. ಆದ್ದರಿಂದ ತೇವ ಉಳಿಸುವುದು, ದಪ್ಪ ಚರ್ಮ ತೆಳುವಾಗಿಸುವುದು ಎರಡೂ ಆಗಬೇಕು. ಬರೀ ಎಣ್ಣೆ ಸವರಿದರೆ ಸಾಲದು, ಬರೀ ಉಜ್ಜಿದರೂ ಸಾಲದು.

ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ನೆನೆಸಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ; ಅತಿಯಾಗಿ ನೆನೆದ ಚರ್ಮ ಮತ್ತಷ್ಟು ಒಣಗುತ್ತದೆ. ಬಚ್ಚಲಲ್ಲಿ ಕಾಲು ಉಜ್ಜಲು ಇಟ್ಟುಕೊಂಡ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ ಮೃದುವಾಗಿ ಉಜ್ಜಿ. ಒಂದೇ ದಿನಕ್ಕೆ ಎಲ್ಲವನ್ನೂ ತೆಗೆಯುವ ಆತುರ ಬೇಡ. ಒರೆಸಿಕೊಂಡು, ಚರ್ಮದಲ್ಲಿ ಇನ್ನೂ ತುಸು ತೇವ ಇರುವಾಗಲೇ ಯೂರಿಯಾ ಇರುವ ಕ್ರೀಂ ಹಚ್ಚಿ. ಶೇಕಡಾ 10ರ ಯೂರಿಯಾ ಒಣ ಚರ್ಮಕ್ಕೆ, ಶೇಕಡಾ 20ರಿಂದ 25ರದ್ದು ದಪ್ಪಗಟ್ಟಿದ ಹಿಮ್ಮಡಿಗೆ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ. ಎರಡು ಮೂರು ವಾರ ಬಿಡದೆ ಮಾಡಿದರೆ ಗುಣ ಕಾಣುತ್ತದೆ. ಆಮೇಲೂ ವಾರಕ್ಕೆ ಎರಡು ಮೂರು ದಿನ ಮುಂದುವರಿಸಬೇಕು, ಇಲ್ಲವಾದರೆ ಮತ್ತೆ ಒಡೆಯುತ್ತದೆ.

ಉತ್ತರ ಕನ್ನಡದ ಮನೆಗಳಲ್ಲಿ ಇದಕ್ಕೆ ಮುರುಗಲು ತುಪ್ಪ ಇರುತ್ತದೆ. ಮುರುಗಲು ಹಣ್ಣಿನ ಬೀಜದಿಂದ ತೆಗೆದ ಈ ಕೊಬ್ಬು ಸಾಮಾನ್ಯ ಹವೆಯಲ್ಲಿ ಗಟ್ಟಿ ಉಂಡೆಯಾಗಿರುತ್ತದೆ. ಚಮಚದಲ್ಲಿ ತುಸು ಕೆರೆದು, ದೀಪದ ಮೇಲೆ ಹಿಡಿದು ಕರಗಿಸಿ, ಬೆಚ್ಚಗಾಗುವಷ್ಟು ಆರಿದ ಮೇಲೆ ಬಿರುಕಿಗೆ ತುಂಬುತ್ತಾರೆ. ಅದು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಚರ್ಮದ ತೇವ ಆರದಂತೆ ತಡೆಯುವುದು ಇದರ ಕೆಲಸ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ದಪ್ಪ ಚರ್ಮವನ್ನು ಮೆದುಗೊಳಿಸುವ ಯೂರಿಯಾದ ಗುಣ ಇದಕ್ಕಿಲ್ಲ. ನನ್ನ ಸಲಹೆ, ಪೆಟ್ರೋಲಿಯಂ ಜೆಲ್ಲಿಯ ಬದಲಿಗೆ ಇದನ್ನು ಬಳಸಿ, ಯೂರಿಯಾ ಕ್ರೀಂ ಬಿಡಬೇಡಿ.

ತಿಂಗಳಾದರೂ ಕಡಿಮೆಯಾಗದಿದ್ದರೆ ಕಾರಣ ಬೇರೆ ಇರಬಹುದು. ಥೈರಾಯ್ಡ್ ಕೊರತೆ, ಸೋರಿಯಾಸಿಸ್, ಮಧುಮೇಹ, ಅಂಗಾಲಿಡೀ ಹಬ್ಬಿದ ಶಿಲೀಂಧ್ರ ಸೋಂಕು, ಇವೆಲ್ಲವೂ ಬರೀ ಒಡೆದ ಹಿಮ್ಮಡಿಯಂತೆಯೇ ಕಾಣಬಹುದು. ರಕ್ತ ಜಿನುಗುವಷ್ಟು ಆಳದ ಬಿರುಕು, ಸುತ್ತ ಕೆಂಪು, ಕೀವು ಇದ್ದರೆ ಕಾಯದೆ ತೋರಿಸಿ.

ಬೆಳಗಿನ ಮೊದಲ ಹೆಜ್ಜೆಯ ನೋವು

ಬೆಳಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದೊಡನೆ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ನಾಲ್ಕು ಹೆಜ್ಜೆ ನಡೆದರೆ ಹಗುರ. ಸ್ವಲ್ಪ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ. ನಲವತ್ತು ದಾಟಿದವರಲ್ಲಿ, ನಿಂತೇ ಕೆಲಸ ಮಾಡುವ ಶಿಕ್ಷಕರು, ಬಸ್ ನಿರ್ವಾಹಕರು, ದಾದಿಯರು, ಅಡುಗೆಯವರಲ್ಲಿ ಇದು ತೀರಾ ಸಾಮಾನ್ಯ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಚಾಚಿಕೊಂಡ ದಪ್ಪ ಪಟ್ಟಿಯಂಥ ಅಂಗಾಂಶ ಪದೇಪದೇ ಎಳೆತಕ್ಕೆ ಸಿಕ್ಕಿ ಸವೆಯುವುದೇ ಕಾರಣ. ವೈದ್ಯರು ಇದನ್ನು ಪ್ಲಾಂಟಾರ್ ಫ್ಯಾಸಿಯೈಟಿಸ್ ಎನ್ನುತ್ತಾರೆ.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಮುಂದಕ್ಕೆ ಚೂಪಾಗಿ ಬೆಳೆದದ್ದು ಕಂಡರೆ ಜನ ಹೆದರುತ್ತಾರೆ. ‘ಮೂಳೆ ಬೆಳೆದಿದೆ, ಕತ್ತರಿಸಬೇಕಂತೆ’ ಎಂದು ಸುದ್ದಿಯಾಗುತ್ತದೆ. ನೋವೇ ಇಲ್ಲದ ಎಷ್ಟೋ ಜನರಲ್ಲಿ ಇದೇ ಮೂಳೆ ಇರುತ್ತದೆ. ಅದನ್ನು ಕತ್ತರಿಸಬೇಕಾದ ಪ್ರಸಂಗ ಬಲು ಅಪರೂಪ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ತಾಳ್ಮೆ ಬೇಕು. ವ್ಯಾಯಾಮವನ್ನು ದಿನವೂ, ಬಿಡದೆ ಮಾಡಬೇಕು.

ಮೊದಲ ವ್ಯಾಯಾಮ ಹಾಸಿಗೆ ಬಿಡುವ ಮುಂಚೆಯೇ. ನೋವಿರುವ ಕಾಲನ್ನು ಇನ್ನೊಂದು ಮೊಣಕಾಲ ಮೇಲೆ ಅಡ್ಡ ಹಾಕಿ ಕುಳಿತುಕೊಳ್ಳಿ. ಕೈಯಿಂದ ಕಾಲ್ಬೆರಳುಗಳ ಬುಡ ಹಿಡಿದು ಮೊಳಕಾಲಿನ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲಿನ ಕಮಾನನ್ನು ಮುಟ್ಟಿ ನೋಡಿ. ತಂತಿ ಬಿಗಿದಂತೆ ಒಂದು ಪಟ್ಟಿ ಎದ್ದು ನಿಂತಿರಬೇಕು. ನಿಂತಿದ್ದರೆ ಎಳೆತ ಸರಿಯಾದ ಜಾಗಕ್ಕೆ ತಲುಪಿದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಬೆಳಗಿನ ಹೊತ್ತನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಎರಡನೆಯದು ಮೀನಖಂಡಕ್ಕೆ. ಗೋಡೆಗೆ ಎರಡೂ ಅಂಗೈ ಊರಿ, ನೋವಿರುವ ಕಾಲನ್ನು ಹಿಂದಿಟ್ಟು, ಮಂಡಿ ನೇರವಾಗಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ. ಮೂವತ್ತು ಸೆಕೆಂಡು, ಮೂರು ಸಲ. ಮೀನಖಂಡ ಬಿಗಿಯಾಗಿದ್ದಷ್ಟೂ ಅಂಗಾಲಿನ ಪಟ್ಟಿಯ ಮೇಲೆ ಎಳೆತ ಹೆಚ್ಚು.

ಮೊದಲೆರಡು ವಾರ ಇವಿಷ್ಟು ಸಾಕು. ನೋವು ತುಸು ತಗ್ಗಿದ ಮೇಲೆ ಬಲ ತುಂಬುವ ವ್ಯಾಯಾಮಕ್ಕೆ ಬನ್ನಿ. ಮೆಟ್ಟಿಲ ಅಂಚಿನಲ್ಲಿ ಒಂದು ಟವೆಲ್ ಸುರುಳಿ ಸುತ್ತಿಟ್ಟು, ಕಾಲ್ಬೆರಳುಗಳು ಅದರ ಮೇಲೆ ಬರುವಂತೆ, ಹಿಮ್ಮಡಿ ಹೊರಗಿರುವಂತೆ ನಿಲ್ಲಿ. ಪಕ್ಕದ ಕಂಬಿಯನ್ನೋ ಗೋಡೆಯನ್ನೋ ಹಿಡಿದುಕೊಳ್ಳಿ. ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ನಿಂತು, ಮೂರು ಎಣಿಸುತ್ತಾ ಇಳಿಸಿ. ಹನ್ನೆರಡು ಸಲ, ನಡುವೆ ವಿರಾಮ ಕೊಟ್ಟು ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಿನಲ್ಲಿ, ಬಲ ಬಂದಂತೆ ಒಂದೇ ಕಾಲಿನಲ್ಲಿ. ಡೆನ್ಮಾರ್ಕಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಹೀಗೆ ಮಾಡಿದವರ ನೋವು ಮೂರು ತಿಂಗಳಲ್ಲಿ ಹೆಚ್ಚು ತಗ್ಗಿತ್ತು.

ಇದರ ಜೊತೆಗೆ ಮನೆಯೊಳಗೂ ಚಪ್ಪಲಿ. ಹೊರಗೆ ಹಾಕಿದ್ದನ್ನು ಒಳಗೆ ತರಲು ಮನಸ್ಸೊಪ್ಪದಿದ್ದರೆ ಮನೆಗೆಂದೇ ಒಂದು ಮೆತ್ತನೆಯ ಜೊತೆ ಇಟ್ಟುಕೊಳ್ಳಿ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ದಿನವಿಡೀ ಬರಿಗಾಲಲ್ಲಿ ಓಡಾಡುವವರಿಗೆ ಈ ಒಂದು ಬದಲಾವಣೆಯಿಂದಲೇ ಬಹಳ ಆರಾಮ ಸಿಗುತ್ತದೆ. ಸಂಜೆ ನೋವು ಹೆಚ್ಚಿದ್ದರೆ ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಿನ ಅಡಿಯಲ್ಲಿ ಐದು ನಿಮಿಷ ಉರುಳಿಸಿ.

ಹಿಮ್ಮಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಹಿಮ್ಮಡಿಯ ಕೊಬ್ಬು ಕರಗಬಹುದು, ಪಟ್ಟಿಯೇ ಹರಿಯಬಹುದು. ಒಮ್ಮೆ ಹೋದ ಕೊಬ್ಬಿನ ಮೆತ್ತೆಯನ್ನು ಮತ್ತೆ ತುಂಬುವುದು ಸುಲಭವಲ್ಲ. ವ್ಯಾಯಾಮ ಮಾಡದೆ ನೇರವಾಗಿ ಚುಚ್ಚುಮದ್ದು ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ಜೀವ ಹೋಗುವಷ್ಟು ನೋವಾದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಚಿಕ್ಕ ವಯಸ್ಸಿನವರಲ್ಲಿ ಎರಡೂ ಹಿಮ್ಮಡಿಯ ನೋವಿನ ಜೊತೆ ಬೆಳಗ್ಗೆ ಸೊಂಟ ಅರ್ಧ ಗಂಟೆಗಿಂತ ಹೆಚ್ಚು ಹಿಡಿದುಕೊಂಡಿದ್ದರೆ ಅದು ಸಂಧಿವಾತದ ಒಂದು ಬಗೆಯ ಸೂಚನೆ. ಇವೆರಡಕ್ಕೂ ಮೇಲಿನ ವ್ಯಾಯಾಮ ಉತ್ತರವಲ್ಲ.

ಆಣಿ, ಜಡ್ಡು, ನರಹುಲಿ

ಮೂರನ್ನೂ ಆಣಿ ಎಂದೇ ಕರೆದು ಒಂದೇ ಮದ್ದು ಮಾಡುವುದರಿಂದ ತೊಂದರೆ ಬೆಳೆಯುತ್ತದೆ. ಅಗಲವಾಗಿ, ಅಂಚು ಸ್ಪಷ್ಟವಿಲ್ಲದೆ, ಹಳದಿ ಬಣ್ಣಕ್ಕೆ ದಪ್ಪಗಟ್ಟಿದ ಚರ್ಮ ಜಡ್ಡು. ಚಿಕ್ಕದಾಗಿ, ನಡುವೆ ಗಟ್ಟಿ ತಿರುಳಿದ್ದು, ನೇರ ಒತ್ತಿದರೆ ನೋಯುವುದು ಆಣಿ. ಚರ್ಮದ ಗೆರೆಗಳು ಅದರ ಹತ್ತಿರ ಬಂದು ಪಕ್ಕಕ್ಕೆ ಸರಿದಿದ್ದರೆ, ಮೇಲ್ಪದರ ತುಸು ಕೆರೆದಾಗ ಕಪ್ಪು ಚುಕ್ಕೆಗಳು ಕಂಡರೆ, ನೇರ ಒತ್ತುವುದಕ್ಕಿಂತ ಎರಡು ಪಕ್ಕದಿಂದ ಹಿಂಡಿದಾಗ ಹೆಚ್ಚು ನೋವಾದರೆ ಅದು ನರಹುಲಿ. ಇದು ವೈರಸ್ಸಿನಿಂದ ಬರುವಂಥದ್ದು, ಹರಡುತ್ತದೆ.

ಆಣಿ ಮತ್ತು ಜಡ್ಡು ಒತ್ತಡದ ಫಲ. ಆ ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯದೆ ಆಣಿಯನ್ನು ಎಷ್ಟು ಸಲ ತೆಗೆದರೂ ಅದು ಅಲ್ಲೇ ಮರಳುತ್ತದೆ. ನಿಮ್ಮ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡಿ. ಯಾವ ಜಾಗ ಸವೆದು ಗುಳಿ ಬಿದ್ದಿದೆಯೋ ಅದರ ಮೇಲೆಯೇ ಸಾಮಾನ್ಯವಾಗಿ ನಿಮ್ಮ ಜಡ್ಡು ಇರುತ್ತದೆ. ಬೆರಳ ಮೇಲಿನ ಆಣಿಯಾದರೆ ಬೂಟಿನ ಮುಂಭಾಗ ಬಿಗಿ ಎಂದು ಅರ್ಥ. ಚಪ್ಪಲಿ ಬದಲಿಸಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ದಿನವೂ ಸ್ವಲ್ಪ ಸ್ವಲ್ಪ ಉಜ್ಜಿ.

ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಇರುವುದು ಸ್ಯಾಲಿಸಿಲಿಕ್ ಆಮ್ಲ, ಹೆಚ್ಚಾಗಿ ಶೇಕಡಾ 40ರಷ್ಟು. ಆಣಿಯಷ್ಟೇ ಅಳತೆಗೆ ಕತ್ತರಿಸಿ, ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಬಳಿದು ಅಂಟಿಸಬೇಕು. ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ಸ್ಪರ್ಶ ಕಡಿಮೆಯಿರುವವರು, ಮಧುಮೇಹಿಗಳು ಇದನ್ನು ಮುಟ್ಟಲೇಬಾರದು. ಬ್ಲೇಡು ಯಾರಿಗೂ ಬೇಡ.

ನರಹುಲಿಗೂ ಸ್ಯಾಲಿಸಿಲಿಕ್ ಆಮ್ಲವೇ ಮೊದಲ ಮದ್ದು. ದಿನವೂ ಹಚ್ಚಿ, ಸತ್ತ ಚರ್ಮ ಉಜ್ಜಿ ತೆಗೆಯುತ್ತಾ ಮೂರು ತಿಂಗಳವರೆಗೆ ಮುಂದುವರಿಸಬೇಕು. ಉಜ್ಜಿದ ಕಲ್ಲನ್ನು ಬೇರೆಯವರು ಬಳಸಬಾರದು. ಹೋಗದಿದ್ದರೆ ಚರ್ಮರೋಗ ತಜ್ಞರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಮಕ್ಕಳಲ್ಲಿ ಬಹುತೇಕ ತಾನಾಗಿಯೇ ಉದುರುತ್ತದೆ.

ಬೆರಳ ಸಂದಿಯ ಹುಣ್ಣು, ಕೆಸರುಹುಣ್ಣು

ಮಳೆಗಾಲದಲ್ಲಿ ನಾಟಿ ಗದ್ದೆಗೆ ಇಳಿದವರ ಬೆರಳ ಸಂದಿಗಳು ಬೆಳ್ಳಗೆ ನೆನೆದು, ಸುಲಿದು, ಉರಿಯುತ್ತವೆ. ಪಟ್ಟಣದಲ್ಲಿ ಒದ್ದೆ ಬೂಟು, ನೈಲಾನ್ ಕಾಲುಚೀಲದೊಳಗೆ ದಿನವಿಡೀ ಇರುವವರಿಗೂ ಇದೇ ಗತಿ. ಮೊದಲು ಬಾಧಿಸುವುದು ಕಿರುಬೆರಳಿನ ಪಕ್ಕದ ಸಂದಿಯನ್ನು. ಅಲ್ಲಿ ಗಾಳಿಯಾಡುವುದು ಕಡಿಮೆ. ತೇವಕ್ಕೆ ಶಿಲೀಂಧ್ರ ಸೇರುತ್ತದೆ, ಚರ್ಮ ಬಿರಿದ ಮೇಲೆ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಕೆಂಪಗೆ ಊದಿ ಜ್ವರ ಬರುವುದೂ ಉಂಟು.

ಗದ್ದೆಯಿಂದ ಬಂದ ಕೂಡಲೇ ಸೋಪು ಹಾಕಿ ತೊಳೆದು, ಒಣಬಟ್ಟೆಯನ್ನು ಒಂದೊಂದು ಸಂದಿಯಲ್ಲೂ ತೂರಿಸಿ ಒರೆಸಿ. ಇದೇ ಅರ್ಧ ಚಿಕಿತ್ಸೆ. ರಾತ್ರಿ ಸಂದಿಗಳ ನಡುವೆ ತೆಳುವಾಗಿ ಹತ್ತಿ ಇಟ್ಟು ಬೇರ್ಪಡಿಸಿ ಗಾಳಿಗೆ ಬಿಡಿ. ಕ್ಲೋಟ್ರಿಮಜೋಲ್ ಶೇಕಡಾ 1ರ ಕ್ರೀಂ ದಿನಕ್ಕೆ ಎರಡು ಸಲ, ನಾಲ್ಕು ವಾರ. ತುರಿಕೆ ವಾರದಲ್ಲೇ ನಿಲ್ಲುತ್ತದೆ, ಆಗ ಬಿಟ್ಟರೆ ಮತ್ತೆ ಬರುವುದು ಖಂಡಿತ. ಕಾಲುಚೀಲವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಎರಡು ಜೊತೆ ಬೂಟು ಇದ್ದರೆ ದಿನ ಬಿಟ್ಟು ದಿನ ಧರಿಸಿ. ಆಷಾಢದಲ್ಲಿ ಹೆಂಗಸರು ಕಾಲಿಗೆ ಗೋರಂಟಿ ಸೊಪ್ಪು ಅರೆದು ಹಚ್ಚುವ ರೂಢಿ ಹಲವೆಡೆ ಇದೆ. ಅದಕ್ಕೆ ಅಡ್ಡಿಯಿಲ್ಲ. ಬಣ್ಣ ಬೆರೆಸಿದ ‘ಕಪ್ಪು ಮೆಹಂದಿ’ಯನ್ನು ಮಾತ್ರ ಹುಣ್ಣಿನ ಮೇಲೆ ಹಚ್ಚಬೇಡಿ, ಚರ್ಮ ಸುಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತುರಿಕೆಗೆ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುವ ಟ್ಯೂಬಿನಲ್ಲಿ ಶಿಲೀಂಧ್ರ ಔಷಧದ ಜೊತೆ ಸ್ಟೀರಾಯ್ಡ್ ಬೆರೆಸಿರುವುದು ಸಾಮಾನ್ಯ. ಟ್ಯೂಬಿನ ಹಿಂದೆ ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಆದರೆ ಚರ್ಮದ ರಕ್ಷಣೆ ಕುಗ್ಗಿ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ತೊಡೆ ಸಂದಿ, ಸೊಂಟದವರೆಗೂ ಏರುತ್ತದೆ. ಇಂಥ ಔಷಧಗಳನ್ನು 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಲಾಗಿದೆ. ಆದರೂ ಸಿಗುತ್ತಿವೆ. ಸಾಮಾನ್ಯ ಔಷಧಕ್ಕೆ ಬಗ್ಗದ ಶಿಲೀಂಧ್ರ ನಮ್ಮ ದೇಶದಲ್ಲಿ ಹೆಚ್ಚಿರುವುದರಿಂದ, ನಾಲ್ಕು ವಾರದಲ್ಲಿ ವಾಸಿಯಾಗದಿದ್ದರೆ ಟ್ಯೂಬು ಬದಲಿಸುತ್ತಾ ಹೋಗದೆ ಚರ್ಮರೋಗ ತಜ್ಞರನ್ನು ಕಾಣಿ.

ಉಗುರಿನ ತೊಂದರೆಗಳು

ಹೆಬ್ಬೆರಳ ಉಗುರಿನ ಮೂಲೆ ಮಾಂಸದೊಳಗೆ ಚುಚ್ಚಿಕೊಂಡು ಊದಿಕೊಳ್ಳುವುದಕ್ಕೆ ಮುಖ್ಯ ಕಾರಣ ಮೂಲೆಗಳನ್ನು ದುಂಡಗೆ, ಆಳವಾಗಿ ಕತ್ತರಿಸುವುದು. ಕಾಲಿನ ಉಗುರನ್ನು ನೇರವಾಗಿ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಬೇಕು. ಈಗಾಗಲೇ ಚುಚ್ಚಿಕೊಂಡಿದ್ದು ಕೀವು ಇಲ್ಲದಿದ್ದರೆ, ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ. ನೆನೆದಾಗ ಉಗುರಿನ ಮೂಲೆಯನ್ನು ಮೆಲ್ಲಗೆ ಎತ್ತಿ, ಸ್ವಚ್ಛ ಹತ್ತಿಯ ಸಣ್ಣ ಬತ್ತಿಯೊಂದನ್ನು ಅದರಡಿ ತೂರಿಸಿ. ದಿನವೂ ಬದಲಿಸಿ. ಉಗುರು ಮಾಂಸ ದಾಟಿ ಬೆಳೆಯಲು ದಾರಿಯಾಗುತ್ತದೆ. ಕೀವು ಬಂದಿದ್ದರೆ, ಪಕ್ಕದಲ್ಲಿ ಕೆಂಪು ಮಾಂಸ ಬೆಳೆದಿದ್ದರೆ ಇದೆಲ್ಲ ಬೇಡ. ಬೆರಳಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಉಗುರಿನ ಆ ಅಂಚನ್ನಷ್ಟೇ ತೆಗೆದು, ಆ ಅಂಚು ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚುವ ಚಿಕ್ಕ ಶಸ್ತ್ರಚಿಕಿತ್ಸೆಯಿದೆ. ಅದೇ ದಿನ ಮನೆಗೆ ಬರಬಹುದು. ಇಡೀ ಉಗುರನ್ನು ಕಿತ್ತುಹಾಕಿಸಿಕೊಂಡರೆ ಮತ್ತೆ ಬೆಳೆಯುವಾಗ ತೊಂದರೆ ಮರುಕಳಿಸುವುದೇ ಹೆಚ್ಚು.

ಹಳದಿಯಾಗಿ, ದಪ್ಪಗಾಗಿ, ಪುಡಿಪುಡಿಯಾಗುವ ಉಗುರು ಶಿಲೀಂಧ್ರದ್ದಿರಬಹುದು. ಹಾಗೆ ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಸೋರಿಯಾಸಿಸ್, ಹಳೆಯ ಪೆಟ್ಟು ಮುಂತಾದವು. ಉಗುರಿನ ಪುಡಿಯನ್ನು ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಸರಿಯಲ್ಲ. ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ಹನ್ನೆರಡು ವಾರ ಕೊಡುತ್ತಾರೆ, ಯಕೃತ್ತಿನ ರಕ್ತಪರೀಕ್ಷೆಯ ಜೊತೆ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ವರ್ಷದಿಂದ ಒಂದೂವರೆ ವರ್ಷ ಬೇಕು. ಮಾತ್ರೆ ಮುಗಿದರೂ ಉಗುರು ಹಾಗೇ ಇದೆ ಎಂದು ಹತಾಶರಾಗಬೇಡಿ. ಬುಡದಲ್ಲಿ ಒಳ್ಳೆಯ ಉಗುರು ಬರುತ್ತಿದೆಯೇ ನೋಡಿ.

ಪಾದಯಾತ್ರೆಯ ಬೊಬ್ಬೆಗಳು

ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುವವರ ಪಾದಗಳು ಎರಡನೆಯ ದಿನಕ್ಕೇ ಬೊಬ್ಬೆ ಏಳುತ್ತವೆ. ಹೊಸ ಬೂಟು ಹಾಕಿಕೊಂಡು ಯಾತ್ರೆಗೆ ಹೊರಡಬೇಡಿ, ಎರಡು ಮೂರು ವಾರ ಮೊದಲೇ ಅದನ್ನು ಹಾಕಿ ನಡೆದು ಪಳಗಿಸಿ. ಚರ್ಮ ಬಿಸಿಯಾಗಿ ಉರಿಯಲು ಶುರುವಾದ ಕ್ಷಣವೇ ನಿಂತು ಅಲ್ಲಿಗೆ ಅಂಟುಪಟ್ಟಿ ಹಾಕಿ. ಚಿಕ್ಕ ಬೊಬ್ಬೆಯನ್ನು ಒಡೆಯಬೇಡಿ. ದೊಡ್ಡದಾಗಿ ನಡೆಯಲಾಗದಂತಿದ್ದರೆ ಸೋಪಿನಿಂದ ತೊಳೆದು, ಔಷಧ ಅಂಗಡಿಯಲ್ಲಿ ಸಿಗುವ ಹೊಸ ಸಿರಿಂಜ್ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ ನೀರು ಹಿಂಡಿ. ಮೇಲಿನ ಚರ್ಮವನ್ನು ಕೀಳಬಾರದು, ಅದೇ ಒಳಗಿನ ಹಸಿ ಚರ್ಮಕ್ಕೆ ಕಾಪು. ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಸ್ವಚ್ಛ ಬಟ್ಟೆಯ ಪಟ್ಟಿ ಕಟ್ಟಿ. ಮಧುಮೇಹಿಗಳು ಇದನ್ನು ತಾವೇ ಮಾಡಿಕೊಳ್ಳಬಾರದು.

ಉರಿ, ಊತ, ಹೆಬ್ಬೆರಳ ನೋವು

ಅಂಗಾಲು ಉರಿ ಎಂದರೆ ‘ಉಷ್ಣ’ ಎಂದು ಎಳನೀರು ಕುಡಿದು ಸುಮ್ಮನಾಗುವವರು ಬಹಳ. ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ವಿಟಮಿನ್ ಬಿ12 ಮೂರನ್ನೂ ಪರೀಕ್ಷಿಸಿ. ಸಸ್ಯಾಹಾರಿಗಳಲ್ಲಿ, ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಬಿ12 ಕೊರತೆ ಸಾಮಾನ್ಯ, ಚಿಕಿತ್ಸೆಯೂ ಸುಲಭ. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋವಾದರೆ ಗೌಟ್, ಅಂದರೆ ಯೂರಿಕ್ ಆಮ್ಲ ಕೀಲಿನಲ್ಲಿ ಸೇರಿ ಬರುವ ಉರಿಯೂತ, ಇರಬಹುದು. ಎರಡೂ ಪಾದ ಊದಿದರೆ ಹೃದಯ, ಮೂತ್ರಪಿಂಡ, ರಕ್ತದೊತ್ತಡದ ಮಾತ್ರೆಗಳ ಕಡೆ ನೋಡಬೇಕು. ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಆನೆಕಾಲು ರೋಗ ಇನ್ನೂ ಇದೆ. ಊದಿದ ಕಾಲನ್ನು ದಿನವೂ ಸೋಪಿನಿಂದ ತೊಳೆದು, ಸಂದಿಗಳನ್ನು ಒರೆಸಿ, ಗಾಯಗಳಿಗೆ ಮುಲಾಮು ಹಚ್ಚಿ, ಮಲಗುವಾಗ ಎತ್ತರಕ್ಕೆ ಇಟ್ಟರೆ ಪದೇಪದೇ ಬರುವ ಜ್ವರ, ನೋವು ಕಡಿಮೆಯಾಗುತ್ತದೆ. ಈ ರೋಗ ಹರಡದಂತೆ ಸರ್ಕಾರದವರು ಮನೆಬಾಗಿಲಿಗೆ ತಂದು ಕೊಡುವ ಮಾತ್ರೆಗಳನ್ನು ಆರೋಗ್ಯವಂತರೂ ನುಂಗಬೇಕು.

ಮಧುಮೇಹಿಗಳ ಪಾದ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಹೆಚ್ಚಿದ ಸಕ್ಕರೆ ವರ್ಷಗಳು ಕಳೆದಂತೆ ಪಾದದ ನರಗಳನ್ನು ಕೊಲ್ಲುತ್ತದೆ. ನೋವು ಹೋಗುತ್ತದೆ, ಬೆವರು ನಿಂತು ಚರ್ಮ ಒಣಗುತ್ತದೆ, ಬೆರಳುಗಳು ಬಾಗಿ ಒತ್ತಡ ಹೊಸ ಜಾಗಕ್ಕೆ ಬೀಳುತ್ತದೆ.

ನೋವಿಲ್ಲದಿರುವುದು ಎಂಥ ಅಪಾಯ ಎಂಬುದನ್ನು ಜಗತ್ತಿಗೆ ತೋರಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಪ್ರಮುಖರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ನೋವು ತಿಳಿಯದ ಕಾರಣ ಸುಟ್ಟರೂ, ಚುಚ್ಚಿದರೂ, ರಾತ್ರಿ ಇಲಿ ಕಚ್ಚಿದರೂ ಅವರಿಗೆ ಅರಿವಾಗುತ್ತಿರಲಿಲ್ಲ, ಗಾಯದ ಮೇಲೇ ನಡೆದು ಪಾದ ಹಾಳಾಗುತ್ತಿತ್ತು ಎಂದು ಅವರು ಕಂಡುಕೊಂಡರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿಯನ್ನೇ ಇಂದು ಮಧುಮೇಹಿಗಳಿಗೂ ಕೊಡುತ್ತಾರೆ.

ದಿನವೂ ಮಾಡಬೇಕಾದದ್ದು ಇಷ್ಟು. ರಾತ್ರಿ ಬೆಳಕಿನಲ್ಲಿ ಎರಡೂ ಪಾದ ನೋಡಿ. ಬಾಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಲಿ, ಕಣ್ಣು ಮಂದವಿದ್ದರೆ ಮಗನೋ ಸೊಸೆಯೋ ನೋಡಲಿ. ಕೆಂಪು, ಬೊಬ್ಬೆ, ಬಿರುಕು, ಜಡ್ಡಿನೊಳಗೆ ಕಪ್ಪು ಕಲೆ ಹುಡುಕಿ. ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಿ, ಪಾದದಿಂದಲ್ಲ. ಪಾದಕ್ಕೆ ಕ್ರೀಂ ಹಚ್ಚಿ, ಬೆರಳ ಸಂದಿಗೆ ಬೇಡ. ಚಪ್ಪಲಿ ಹಾಕುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿ. ಅಟ್ಟೆಯಿಂದ ಮೇಲೆದ್ದ ಮೊಳೆಯೊಂದು ದಿನವಿಡೀ ಚುಚ್ಚಿದರೂ ಮರಗಟ್ಟಿದ ಪಾದಕ್ಕೆ ತಿಳಿಯುವುದಿಲ್ಲ. ಬಿಸಿನೀರಿನ ಚೀಲ, ಕೆಂಡದ ಶಾಖ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆಯಿಂದ ಅಂಗಾಲು ಸುಟ್ಟುಕೊಂಡವರು ಪ್ರತಿ ಬೇಸಿಗೆಯಲ್ಲೂ ಆಸ್ಪತ್ರೆಗೆ ಬರುತ್ತಾರೆ. ಬೆಳಗಿನ ಪೂಜೆಗೇ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ.

ಚಪ್ಪಲಿಯನ್ನು ಸಂಜೆ ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಹಿಂದೆ ಪಟ್ಟಿ ಇರಬೇಕು, ಬೆರಳ ಮುಂದೆ ಅರ್ಧ ಇಂಚು ಜಾಗ ಬೇಕು, ಬೆರಳ ನಡುವೆ ತೂರುವ ಬಳ್ಳಿ ಬೇಡ.

ಗಾಯವಾದರೆ ಅದು ವಾಸಿಯಾಗಲು ಅದರ ಮೇಲೆ ಭಾರ ಬೀಳಬಾರದು. ಡ್ರೆಸ್ಸಿಂಗ್ ಕೊಠಡಿಯಲ್ಲಿ ಗಾಯ ತೊಳೆದು, ಬಿಳಿ ಬ್ಯಾಂಡೇಜ್ ಸುತ್ತಿಸಿಕೊಂಡವರು ಅದೇ ಗಟ್ಟಿ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದವರೆಗೆ ನಡೆದೇ ಹೋಗುತ್ತಾರೆ. ಮರುದಿನ ಬಿಚ್ಚಿ ನೋಡಿದರೆ ಹತ್ತಿ ಗಾಯದೊಳಕ್ಕೆ ಒತ್ತಿಕೊಂಡು, ಚಪ್ಪಲಿಯ ಅಚ್ಚು ಬ್ಯಾಂಡೇಜಿನ ಮೇಲೆ ಮೂಡಿರುತ್ತದೆ. ದಿನವೂ ಡ್ರೆಸ್ಸಿಂಗ್ ಮಾಡಿಸಿದರೂ ವಾಸಿಯಾಗುತ್ತಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಭಾರವನ್ನು ಇಡೀ ಕಾಲಿಗೆ ಹಂಚುವ ವಿಶೇಷ ಪ್ಲಾಸ್ಟರ್ ಹಾಕುವುದು ಅಂಗಾಲಿನ ಗಾಯಕ್ಕೆ ಅತ್ಯುತ್ತಮ ಉಪಾಯ. ಅದಕ್ಕೆ ಮುನ್ನ ಶಬ್ದತರಂಗ ಬಳಸುವ ಡಾಪ್ಲರ್ ಪರೀಕ್ಷೆಯಿಂದ ರಕ್ತ ಸಂಚಾರ ನೋಡಬೇಕು. ರಕ್ತನಾಳ ಕಟ್ಟಿದ್ದರೆ ಬಿಡಿಸಿಕೊಳ್ಳದೆ ಯಾವ ಮುಲಾಮೂ ನಡೆಯದು. ಬೆರಳು ತೆಗೆಯಬೇಕು ಎಂದು ಹೇಳಿದರೆ ‘ರಕ್ತನಾಳದ ಪರೀಕ್ಷೆ ಆಗಿದೆಯೇ’ ಎಂದು ಕೇಳುವ ಹಕ್ಕು ನಿಮಗಿದೆ.

ಗಾಯವೇ ಇಲ್ಲದೆ ಮಧುಮೇಹಿಯ ಒಂದು ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು, ಹೇಳಿಕೊಳ್ಳುವಂಥ ನೋವಿಲ್ಲದಿದ್ದರೆ ಅದು ಶಾರ್ಕೋ ಪಾದವಿರಬಹುದು. ಒಳಗೆ ಮೂಳೆಗಳು ಕುಸಿಯುತ್ತಿರುತ್ತವೆ. ಮೊದಲ ಎಕ್ಸ್‌ರೇ ಸರಿಯಾಗಿದ್ದರೂ ನಂಬಬೇಡಿ. ಉಳುಕು ಎಂದು ಎಣ್ಣೆ ತಿಕ್ಕಿಸಿಕೊಂಡು ನಡೆದರೆ ಪಾದದ ಆಕಾರವೇ ಕೆಡುತ್ತದೆ. ಆ ಗಳಿಗೆಯಿಂದಲೇ ಆ ಕಾಲೂರಬಾರದು.

ಆಸ್ಪತ್ರೆಗೆ ಹೋಗುವಾಗ

ಕಪ್ಪಾದ ಬೆರಳು, ದುರ್ವಾಸನೆ, ಗಾಯದ ಸುತ್ತ ಹಬ್ಬುತ್ತಿರುವ ಕೆಂಪು, ಚಳಿಜ್ವರ, ದಿಢೀರನೆ ತಣ್ಣಗಾದ ಕಾಲು ಇವು ಅಂದೇ, ರಾತ್ರಿಯಾದರೂ ಹೋಗಬೇಕಾದವು. ಮಧುಮೇಹಿಯ ಯಾವುದೇ ಪಾದದ ಗಾಯವನ್ನು ಒಂದೆರಡು ದಿನದೊಳಗೆ ತೋರಿಸಬೇಕು. ಮುಳ್ಳು, ಮೊಳೆ ಚುಚ್ಚಿದ್ದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದನ್ನೂ ಹೇಳಿ; ಕುಷ್ಠಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಔಷಧವಿದೆ, ಪೂರ್ತಿ ವಾಸಿಯಾಗುತ್ತದೆ. ಪಾದದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಬೆಂಗಳೂರಿನ ಸರ್ಕಾರಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಆಂಡ್ ರಿಸರ್ಚ್‌ನಲ್ಲಿದೆ.

ಹೋಗುವಾಗ ಮಾತ್ರೆಗಳ ಜೊತೆ, ಹಚ್ಚುತ್ತಿರುವ ಮುಲಾಮಿನ ಟ್ಯೂಬನ್ನೂ ದಿನವೂ ಬಳಸುವ ಚಪ್ಪಲಿಯನ್ನೂ ಒಯ್ಯಿರಿ. ಒಂದೇ ಕಾಲು ನೋಯುತ್ತಿದ್ದರೂ ಎರಡೂ ಪಾದಗಳ ಕಾಲುಚೀಲ ತೆಗೆದು ತೋರಿಸಿ. ವೈದ್ಯರು ಕಾಲನ್ನು ಮುಟ್ಟದೆ ಚೀಟಿ ಬರೆಯಲು ಹೊರಟರೆ, ‘ಸರ್, ಒಮ್ಮೆ ನಾಡಿ ನೋಡಿ, ಸ್ಪರ್ಶ ಪರೀಕ್ಷಿಸಿ’ ಎಂದು ಸಂಕೋಚವಿಲ್ಲದೆ ಕೇಳಿ.